ನಿಮ್ಮ ನಾಲ್ಕು ಮುತ್ತಜ್ಜಿಯರ ಹೆಸರು ಗೊತ್ತಾ? ಮನೆತನದ ಇತಿಹಾಸ ಹುಡುಕಲು ಹೊರಟವರಿಗೆ

ಮೊದಲು ಒಂದು ಸಣ್ಣ ಪರೀಕ್ಷೆ. ಎಲ್ಲರಿಗೂ ನಾಲ್ಕು ಜನ ಮುತ್ತಜ್ಜಿಯರು. ಅಪ್ಪನ ಕಡೆ ಅಜ್ಜನ ಅಮ್ಮ, ಅಜ್ಜಿಯ ಅಮ್ಮ, ಅಮ್ಮನ ಕಡೆ ಹಾಗೇ ಇನ್ನಿಬ್ಬರು. ಈ ನಾಲ್ವರ ಹೆಸರು ಮತ್ತು ತವರೂರು ಒಂದು ಚೀಟಿಯಲ್ಲಿ ಬರೆಯಿರಿ ನೋಡೋಣ. ನಾನು ಬರೆಯಲು ಕೂತಾಗ ಒಂದೇ ಹೆಸರು ಬಂತು. ಅದೂ ನಿಜವಾದ ಹೆಸರಲ್ಲ, ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದ ‘ಪುಟ್ಟಮ್ಮ’. (ಅಪ್ಪ ಅಮ್ಮ ಇಬ್ಬರೂ ಸೋದರತ್ತೆ–ಸೋದರಮಾವನ ಮಕ್ಕಳಾಗಿದ್ದರೆ ನಿಮಗೆ ಮೂರೇ ಮುತ್ತಜ್ಜಿಯರು, ಕೆಲಸ ಸ್ವಲ್ಪ ಕಡಿಮೆ. ನಮ್ಮ ಕಡೆ ಇದು ಏನೂ ಅಪರೂಪ ಅಲ್ಲ.)

ಗಂಡಸರ ಹೆಸರು ಕಾಗದದಲ್ಲಿ ಉಳಿಯುತ್ತದೆ. ಪಹಣಿ, ಖಾತೆ, ಕ್ರಯಪತ್ರ, ಎಲ್ಲ ಕಡೆ ಅವರೇ. ಹೆಂಗಸರ ಹೆಸರು ಉಳಿಯುವುದು ಇನ್ನೊಬ್ಬ ಹೆಂಗಸಿನ ನೆನಪಿನಲ್ಲಿ. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಎಂಬತ್ತೈದು ದಾಟಿದ ದೊಡ್ಡಮ್ಮ ಕಾಯುತ್ತಾರೆ ಅನ್ನೋ ಹಾಗಿಲ್ಲ. ಅದಕ್ಕೇ ಕಚೇರಿ, ಕಂಪ್ಯೂಟರ್, ಆ್ಯಪ್ ಎಲ್ಲ ಆಮೇಲೆ. ಮೊದಲು ಮನೆಯ ಹಿರಿಯ ಹೆಂಗಸರ ಹತ್ತಿರ ಹೋಗಿ.

ಕೇಳುವುದು ಹೇಗೆ

‘ನಮ್ಮ ವಂಶದ ಬಗ್ಗೆ ಹೇಳಿ’ ಅಂದರೆ ಯಾರೂ ಏನೂ ಹೇಳುವುದಿಲ್ಲ. ‘ಅಯ್ಯೋ ಅದೇನಿದೆ ಹೇಳೋಕೆ’ ಅಂದು ಕಾಫಿ ಮಾಡಲು ಎದ್ದು ಹೋಗುತ್ತಾರೆ. ಸಣ್ಣದು ಕೇಳಿ. ನಿಮ್ಮ ಮದುವೆ ಯಾವ ಊರಲ್ಲಾಯ್ತು, ದಿಬ್ಬಣ ಗಾಡಿಯಲ್ಲಿ ಬಂತಾ ಬಸ್ಸಲ್ಲಿ ಬಂತಾ, ಬಾಣಂತನ ಯಾರು ಮಾಡಿದ್ರು, ಆ ಊರಿಗೆ ಯಾರನ್ನ ಕೊಟ್ಟಿದ್ರು, ಅಲ್ಲಿಂದ ಯಾರನ್ನ ತಂದ್ರು. ಈ ಕೊಟ್ಟಿದ್ದು–ತಂದಿದ್ದು ಅನ್ನುವ ಲೆಕ್ಕ ನಮ್ಮ ಅಜ್ಜಿಯರ ತಲೆಯಲ್ಲಿ ಇರುವಷ್ಟು ಪಕ್ಕಾ ಬೇರೆಲ್ಲೂ ಇಲ್ಲ. ಒಂದು ಮದುವೆ ಹಿಡಿದರೆ ಹತ್ತು ಹೆಸರು ಬರುತ್ತವೆ.

ಹಳೆಯ ಫೋಟೋ ಒಂದನ್ನು ತೆಗೆದುಕೊಂಡು ಹೋಗಿ ಕೈಗೆ ಕೊಡಿ. ಫೋಟೋ ನೋಡಿದ ತಕ್ಷಣ ಬಾಯಿ ತೆರೆಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಹೇಳಿಯೇ ಮಾಡಿ. ಮನೆಗೆ ಬಂದ ದಿನವೇ ಆ ಫೈಲನ್ನು ಇನ್ನೊಂದು ಕಡೆ ಕಾಪಿ ಮಾಡಿ ಇಡಿ. ನಮ್ಮ ಸೋದರತ್ತೆ ಎರಡು ಗಂಟೆ ಮಾತಾಡಿದ್ದು ನನ್ನ ಫೋನು ಕೆಟ್ಟಾಗ ಹೋಯಿತು, ಎರಡನೇ ಸಲ ಕೇಳುವ ಹೊತ್ತಿಗೆ ಅವರಿಗೆ ಮರೆವು ಶುರುವಾಗಿತ್ತು. ಹೆಚ್ಚು ಹೇಳುವುದಿಲ್ಲ.

ಒಬ್ಬರನ್ನು ಒಂದೇ ಸಲ ಕೇಳಿ ಮುಗಿಸಬೇಡಿ. ನಲವತ್ತು ನಿಮಿಷ ಸಾಕು. ಅವತ್ತು ರಾತ್ರಿ ಅವರಿಗೆ ಇನ್ನೇನೋ ನೆನಪಾಗುತ್ತದೆ, ಮಾರನೇ ದಿನ ಅವರೇ ಫೋನ್ ಮಾಡುತ್ತಾರೆ.

ಇಸವಿ ಕೇಳಿದರೆ ಸಿಗುವುದಿಲ್ಲ, ಘಟನೆ ಕೇಳಿ. ಹುಟ್ಟಿದ್ದು ಗಾಂಧೀಜಿ ತೀರಿಕೊಂಡ ವರ್ಷಕ್ಕಿಂತ ಮುಂಚೆಯಾ? ಅದು 1948. ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಾಗ ಎಷ್ಟು ದೊಡ್ಡವರಿದ್ದರು? ಅದು 1940. ಕಾವೇರಿ ಸೀಮೆಯವರಾದರೆ 1924ರ ದೊಡ್ಡ ಪ್ರವಾಹದ ಕಥೆ ಮನೆಯಲ್ಲಿ ಇದ್ದೇ ಇರುತ್ತದೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ರಜಾಕಾರರ ಗಲಾಟೆ ಅಂದರೆ ಸಾಕು, 1947–48. ಪ್ಲೇಗು ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, 1918ರ ಇನ್‌ಫ್ಲುಯೆಂಜಾದಲ್ಲಿ ಒಂದೇ ವಾರದಲ್ಲಿ ಇಬ್ಬರು ಹೋಗಿದ್ದು, ಇವೆಲ್ಲ ಕೇಳಿದ ಕಥೆಯಾಗಿಯಾದರೂ ಉಳಿದಿರುತ್ತವೆ.

ಮನೆಯಲ್ಲೇ ಇರುವ ಕಾಗದ

ಟ್ರಂಕು ತೆಗೆಯಿರಿ. ಅಟ್ಟ ಹತ್ತಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಹಳೆ ರೇಷನ್ ಕಾರ್ಡು, ಪಿಂಚಣಿ ಪುಸ್ತಕ, ಕಂದಾಯ ಕಟ್ಟಿದ ರಸೀದಿ, ಯಾವುದನ್ನೂ ಬಿಡಬೇಡಿ. ಹೆಚ್ಚಿನವರು ರದ್ದಿಗೆ ಹಾಕುವ ಒಂದು ವಸ್ತು ಇದೆ, ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಮೂಲೆಯಲ್ಲಿ ಕೂತು ಯಾರೋ ಒಬ್ಬರು ಬರೆದಿರುತ್ತಾರಲ್ಲ, ಅದು. ಊರಿನ ಹೆಸರು, ಮನುಷ್ಯನ ಹೆಸರು, ಐದು ರೂಪಾಯಿ. 1960ರ ದಶಕದ ಒಂದು ಮುಯ್ಯಿ ಪುಸ್ತಕ ಅಂದರೆ ಆಗ ನಿಮ್ಮ ಮನೆಗೆ ಹತ್ತಿರವಿದ್ದ ನೂರಿನ್ನೂರು ಮನೆಗಳ ಪಟ್ಟಿ. ನನಗೆ ಮೂರನೇ ಮುತ್ತಜ್ಜಿಯ ತವರೂರು ಸಿಕ್ಕಿದ್ದು ಅಲ್ಲೇ. ಒಂದೇ ಊರಿನಿಂದ ಏಳು ಮನೆಯವರು ಮುಯ್ಯಿ ಹಾಕಿದ್ದರು, ಆ ಊರಿಗೂ ನಮಗೂ ಏನು ಸಂಬಂಧ ಅಂತ ಯಾರಿಗೂ ಗೊತ್ತಿರಲಿಲ್ಲ.

ಜಾತಕ ಇದ್ದರೆ ಅದೂ ಒಳ್ಳೆಯ ದಾಖಲೆ. ಸಂವತ್ಸರ, ಮಾಸ, ತಿಥಿ, ನಕ್ಷತ್ರ ಎಲ್ಲ ಇರುತ್ತದೆ. ಇಸವಿ ಮಾಡುವುದು ಕಷ್ಟವಲ್ಲ. ಅರವತ್ತು ಸಂವತ್ಸರದ ಚಕ್ರ ಪ್ರಭವದಿಂದ ಶುರು. ಪ್ರಭವ ಬಂದದ್ದು 1867, 1927, 1987ರ ಯುಗಾದಿಗೆ. ಅಲ್ಲಿಂದ ಎಣಿಸಿ. ಎಡವುವುದು ಎರಡು ಕಡೆ. ಒಂದು, ಅದೇ ಹೆಸರು ಅರವತ್ತು ವರ್ಷಕ್ಕೆ ಮತ್ತೆ ಬರುತ್ತದೆ, ಹಾಗಾಗಿ ರಾಕ್ಷಸ ಸಂವತ್ಸರ ಅಂದರೆ 1915 ಇರಬಹುದು, 1975ಕ್ಕೂ ಇರಬಹುದು. ಎರಡು, ವರ್ಷ ಬದಲಾಗುವುದು ಯುಗಾದಿಗೆ, ಜನವರಿಗಲ್ಲ. ರಾಕ್ಷಸ ಸಂವತ್ಸರದ ಪುಷ್ಯ ಮಾಸ ಅಂದರೆ 1916ರ ಜನವರಿ ಹೊತ್ತಿಗೆ ಬರುತ್ತದೆ, 1915 ಅಂತ ಬರೆದರೆ ತಪ್ಪು. ಹಳಬರು ‘ಧಾತು ಈಶ್ವರದ ಬರ’ ಅನ್ನುತ್ತಾರಲ್ಲ, ಅದು ಕೂಡ ಸಂವತ್ಸರದ ಹೆಸರೇ, 1876ರಿಂದ 78ರವರೆಗಿನ ಬರ. ಆ ಬರದಲ್ಲಿ ಊರು ಬಿಟ್ಟು ಬಂದವರು ನಾವು ಅನ್ನುವ ಮನೆಗಳು ಬಹಳ ಇವೆ.

ಶ್ರಾದ್ಧ ಮಾಡುವ ಮನೆಯಾದರೆ ನಿಮ್ಮ ಪುರೋಹಿತರನ್ನೋ, ಶ್ರಾದ್ಧ ಮಾಡುವ ದೊಡ್ಡಪ್ಪನನ್ನೋ ಕೇಳಿ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಮೂರು ತಲೆಮಾರಿನ ಹೆಸರು ಹೇಳಲೇಬೇಕು, ತಾಯಿ ಕಡೆಯವರದ್ದೂ ಬರುತ್ತದೆ. ತೀರಿಕೊಂಡ ತಿಥಿ ಹೇಗೂ ಗೊತ್ತಿರುತ್ತದೆ, ವರ್ಷ ಮಾತ್ರ ಹುಡುಕಬೇಕು. ಮಾರ್ಲಮಿಗೆ, ಅಂದರೆ ಪಿತೃಪಕ್ಷದ ಹಬ್ಬಕ್ಕೆ, ಎಡೆ ಇಡುವ ಮನೆಗಳಲ್ಲಿ ಯಾರ್ಯಾರ ಹೆಸರಲ್ಲಿ ಎಡೆ ಅಂತ ಕೇಳಿ. ಮಕ್ಕಳಿಲ್ಲದೆ ತೀರಿಕೊಂಡವರ ಹೆಸರು ಎಷ್ಟೋ ಸಲ ಅಲ್ಲಿ ಮಾತ್ರ ಉಳಿದಿರುತ್ತದೆ.

ಹೆಸರಿನ ಒಳಗೆ ಏನಿದೆ

ಹಳೆ ಮೈಸೂರಿನವರ ಇನಿಷಿಯಲ್ಲು ಒಂದು ವಿಳಾಸ ಇದ್ದ ಹಾಗೆ. ಮೊದಲ ಅಕ್ಷರ ಸಾಮಾನ್ಯವಾಗಿ ಊರು, ಎರಡನೆಯದು ಅಪ್ಪನ ಹೆಸರು. ಆದರೆ ಆ ಊರು ಯಾವ ಕಾಲದ್ದು ಅಂತ ಕೇಳಿಕೊಳ್ಳಿ. ಮನೆಯವರು ನೂರು ವರ್ಷದ ಹಿಂದೆ ಬಿಟ್ಟ ಊರಾಗಿರಬಹುದು. ಹಾಗಿದ್ದರೆ ಒಳ್ಳೆಯದೇ, ಹಿಂದಿನ ಊರು ಸಿಕ್ಕಿದ ಹಾಗಾಯ್ತು.

ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಅಡ್ಡಹೆಸರು ಇರುತ್ತದೆ. ಕುಲಕರ್ಣಿ, ಪಾಟೀಲ, ದೇಸಾಯಿ ಅಂದರೆ ಹುದ್ದೆ. ಬೆಲ್ಲದ, ಅಂಗಡಿ ಅಂದರೆ ವ್ಯಾಪಾರ. ಹೊಸಮನಿ, ದೊಡಮನಿ ಅಂದರೆ ಅಣ್ಣತಮ್ಮಂದಿರು ಬೇರೆಯಾದಾಗ ಕಟ್ಟಿದ ಮನೆಯಿಂದ ಬಂದಿರಬಹುದು. ಒಂದೇ ಅಡ್ಡಹೆಸರು ಇದ್ದವರೆಲ್ಲ ನೆಂಟರು ಅಂತ ಓಡಬೇಡಿ, ಪಾಟೀಲರು ಊರಿಗೊಬ್ಬರಿದ್ದರು.

ಕೊಡಗಿನವರ ಕೆಲಸ ಸ್ವಲ್ಪ ಸುಲಭ. ಒಕ್ಕದ (ಮನೆತನದ) ಹೆಸರು ಇದೆ, ಐನ್‌ಮನೆ ಅಂದರೆ ಒಕ್ಕದ ಮೂಲಮನೆ ಇದೆ, 1997ರಲ್ಲಿ ಶುರುವಾದ ಕೊಡವ ಹಾಕಿ ಉತ್ಸವದಲ್ಲಿ ಒಕ್ಕಗಳ ಹೆಸರಲ್ಲೇ ತಂಡಗಳು ಆಡುತ್ತವೆ. ತುಳುನಾಡಿನಲ್ಲಿ ಅಳಿಯಸಂತಾನದ ಮನೆಯಾದರೆ ಅಪ್ಪನ ದಾರಿ ಹಿಡಿದು ಹೋಗಬೇಡಿ, ತಾಯಿ, ಅಜ್ಜಿ, ಮುತ್ತಜ್ಜಿ ಅಂತ ಹೋಗಿ. ಬರಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ತಾಯಿಯಿಂದ, ಆಸ್ತಿ ಬಂದದ್ದೂ ಆ ದಾರಿಯಲ್ಲೇ. ಹಳೆ ಪಾಲುಪಟ್ಟಿಗಳಲ್ಲಿ ಕವರು ಕವರಾಗಿ (ಒಬ್ಬೊಬ್ಬ ತಾಯಿಯ ಕವಲಾಗಿ) ಹೆಂಗಸರ ಹೆಸರು ಇರುತ್ತದೆ. ಉಳಿದ ನಮಗೆಲ್ಲ ಹೊಟ್ಟೆಕಿಚ್ಚು ಆಗುವಷ್ಟು.

ಇನ್ನು ಮನೆದೇವರು. ನಿಮ್ಮ ಮನೆದೇವರು ಈಗಿರುವ ಊರಿನಿಂದ ನೂರೈವತ್ತು ಕಿಲೋಮೀಟರ್ ದೂರದಲ್ಲಿದ್ದರೆ, ಯಾವುದೋ ಕಾಲಕ್ಕೆ ಹಿರಿಯರು ಆ ಕಡೆಯಿಂದ ಬಂದಿರುವ ಸಾಧ್ಯತೆ ಇದೆ. ಜಾತ್ರೆಗೆ ಹೋಗಿ ಅದೇ ಮನೆದೇವರಿನ, ಅದೇ ಗೋತ್ರದ ಅಥವಾ ಬೆಡಗಿನ (ಕುಲದ ಒಳಪಂಗಡದ) ಬೇರೆ ಮನೆಗಳು ಯಾವ ಊರಿನಿಂದ ಬರುತ್ತವೆ ಅಂತ ಅರ್ಚಕರನ್ನು ಕೇಳಿ. ಇದು ಸುಳಿವು ಅಷ್ಟೇ, ಸಾಕ್ಷಿ ಅಂತ ತಿಳಿಯಬೇಡಿ.

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. ಹಾಗಾಗಿ ಒಂದೇ ಮನೆಯಲ್ಲಿ ನಾಲ್ಕು ಜನ ಸಿದ್ದಪ್ಪ ಸಿಗುತ್ತಾರೆ. ಪ್ರತಿ ಸಿದ್ದಪ್ಪನ ಮುಂದೆ ಅಪ್ಪನ ಹೆಸರು ಅಥವಾ ಹೆಂಡತಿಯ ಹೆಸರು ಬರೆಯದೆ ಇದ್ದರೆ ಆರು ತಿಂಗಳಾದ ಮೇಲೆ ನೀವೇ ಕೂತು ತಲೆ ಕೆರೆದುಕೊಳ್ಳುತ್ತೀರಿ.

ಹೆಳವರು ಬಂದರೆ ಬಿಡಬೇಡಿ

ಹೆಳವರು ಅಂದರೆ ಮನೆತನದ ವಂಶಾವಳಿ ಇಟ್ಟುಕೊಂಡು ಊರೂರು ಸುತ್ತುವವರು. ಮೊದಲು ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು, ಈಗ ಬೈಕಲ್ಲೂ ಬರುತ್ತಾರೆ. ಉತ್ತರ ಕರ್ನಾಟಕದಲ್ಲಿ ಇನ್ನೂ ಕಾಣಸಿಗುತ್ತಾರೆ. ಇಂಥ ಮನೆತನಗಳು ಇಂಥ ಹೆಳವರಿಗೆ ಅಂತ ಹಂಚಿಕೆ ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ಬಂದು ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಅಥವಾ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಊರಿನಲ್ಲಿ ಕೊನೆಗೆ ಯಾವಾಗ ಬಂದಿದ್ದರು, ಎಲ್ಲಿಯವರು ಅಂತ ವಿಚಾರಿಸಿ, ಫೋನ್ ನಂಬರ್ ಇಟ್ಟುಕೊಂಡವರು ಯಾರಾದರೂ ಇರುತ್ತಾರೆ. ಕೂರಿಸಿ, ಊಟ ಹಾಕಿ, ಅವರು ಹೇಳುವುದನ್ನು ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ದುಡ್ಡಿನ ವಿಷಯದಲ್ಲಿ ಚೌಕಾಸಿ ಮಾಡಬೇಡಿ, ಅದು ಅವರ ಕಸುಬು.

ಹೇಳಿದ್ದನ್ನೆಲ್ಲ ನಂಬಬೇಕಾ? ಹತ್ತಿರದ ನಾಲ್ಕೈದು ತಲೆಮಾರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಯಾಕಂದರೆ ಅದನ್ನು ಕಾಗದದ ಜೊತೆ ತಾಳೆ ನೋಡಬಹುದು. ಅದಕ್ಕಿಂತ ಹಿಂದಿನ ಭಾಗದಲ್ಲಿ ಎಲ್ಲರ ಮನೆತನವೂ ಯಾವುದೋ ರಾಜನ ಹತ್ತಿರವೋ ದೇವರ ಹತ್ತಿರವೋ ಹೋಗಿ ನಿಲ್ಲುತ್ತದೆ. ಅದನ್ನೂ ಬರೆದುಕೊಳ್ಳಿ, ಬೇರೆ ಪುಟದಲ್ಲಿ.

ಈಗ ಕಚೇರಿಗೆ

ಜಮೀನು ಇದ್ದ ಮನೆಯಾದರೆ ದಾರಿ ಪಹಣಿಯಿಂದ ಶುರು. ಬೆಳಗಾವಿ ಕಡೆಯವರು ಉತಾರ ಅನ್ನುತ್ತಾರೆ. ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಈಗಿನದ್ದು ಸಿಗುತ್ತದೆ. 9ನೇ ಕಾಲಮ್ಮಿನಲ್ಲಿ ಖಾತೆದಾರರ ಹೆಸರು, 10ನೇ ಕಾಲಮ್ಮಿನಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನುವುದು ಇರುತ್ತದೆ. ಆ 10ನೇ ಕಾಲಮ್ಮೇ ನಿಮಗೆ ಬೇಕಾದ್ದು. ಅಲ್ಲಿರುವ ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟರೆ ಆ ಬದಲಾವಣೆಯ ನಕಲು ಸಿಗುತ್ತದೆ. ‘ಪೌತಿ’ ಅಂತ ಇದ್ದರೆ ಯಾರೋ ತೀರಿಕೊಂಡು ವಾರಸುದಾರರಿಗೆ ಬಂದಿದೆ ಅಂತ ಅರ್ಥ, ಜೊತೆಗೆ ಒಂದು ವಂಶವೃಕ್ಷವೂ ಇರಬಹುದು. ಅಲ್ಲಿಂದ ಹಿಂದಿನ ಮ್ಯುಟೇಶನ್, ಅಲ್ಲಿಂದ ಇನ್ನೂ ಹಿಂದಿನದ್ದು, ಹೀಗೆ ಮೆಟ್ಟಿಲು ಇಳಿಯುತ್ತ ಹೋಗಬೇಕು. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಅಂತ ಕೇಳಿ. ನಾನು ಮೊದಲ ಸಲ ಹೋದಾಗ ಪೋಡಿಯಾದ (ಜಮೀನು ಅಳೆದು ಭಾಗ ಮಾಡಿದ) ಮೇಲಿನ ಹೊಸ ಸರ್ವೆ ನಂಬರ್ ಹಿಡಿದು ಹೋಗಿ, ಇಡೀ ದಿನ ಬೇರೆ ಯಾರದ್ದೋ ಗದ್ದೆಯ ಇತಿಹಾಸ ಓದಿ ಬಂದೆ. ಹಳೆ ನಂಬರ್ ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಸ್ವಂತ ಜಮೀನು ಇಲ್ಲದೆ ಗೇಣಿ ಮಾಡುತ್ತಿದ್ದ ಮನೆಯಾದರೆ 1974ರ ಭೂಸುಧಾರಣೆಯ ಕಡತ ನೋಡಿ. ಗೇಣಿದಾರರು ಫಾರಂ ನಂ. 7 ಹಾಕಿದ್ದರು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿತ್ತು. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಅಪ್ಪ ಯಾವಾಗಿನಿಂದ ಉಳುತ್ತಿದ್ದರು ಅಂತ ಅವರೇ ಕೊಟ್ಟ ಹೇಳಿಕೆ ಅದರಲ್ಲಿ ಇರಬಹುದು. ನಿಮ್ಮ ಅಜ್ಜನ ಮಾತು ಸರ್ಕಾರಿ ಕಾಗದದಲ್ಲಿ ಸಿಗುವ ಜಾಗ ಇದೊಂದೇ ಇರಬೇಕು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ, ವಿಭಾಗಪತ್ರ ಸಿಗುತ್ತವೆ. ಆದರೆ ನೀವು ಮುಖ್ಯವಾಗಿ ಹುಡುಕಬೇಕಾದ್ದು ಹಕ್ಕು ಬಿಡುಗಡೆ ಪತ್ರ. ತಹಶೀಲ್ದಾರರ ಹಳೆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಎಷ್ಟೋ ಸಲ ಬಿಟ್ಟೇ ಬಿಡುತ್ತಿದ್ದರು. ಆಸ್ತಿ ಬಿಟ್ಟುಕೊಡುವಾಗ ಮಾತ್ರ ಅವರ ಸಹಿ ಬೇಕಾಗುತ್ತಿತ್ತು! ಹಾಗಾಗಿ ಆ ಪತ್ರದಲ್ಲಿ ಅವರ ಪೂರ್ತಿ ಹೆಸರು, ವಯಸ್ಸು, ಗಂಡನ ಹೆಸರು, ಗಂಡನ ಊರು ಎಲ್ಲ ಇರುತ್ತದೆ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲಿ ಬಂತು, ಇಡೀ ದೇಶಕ್ಕೆ 2005ರಲ್ಲಿ. ಅದಾದ ಮೇಲಿನ ಕಾಗದಗಳಲ್ಲಿ ಅವರ ಹೆಸರು ಜಾಸ್ತಿ ಕಾಣುತ್ತದೆ.

ಒಂದು ಎಚ್ಚರಿಕೆ. ಸರ್ವೆ ನಂಬರ್ ಕೇಳಿದ ಕ್ಷಣ ಊರಿನ ದಾಯಾದಿಗಳಿಗೆ ಅನಿಸುವುದು ಒಂದೇ, ಇವನು ಪಾಲು ಕೇಳೋಕೆ ಬಂದಿದ್ದಾನೆ ಅಂತ. ಚಿಕ್ಕಪ್ಪನ ಮಗ ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದ. ಮೊದಲೇ ಹೇಳಿ, ಯಾಕೆ ಕೇಳುತ್ತಿದ್ದೀರಿ ಅಂತ. ಬರೆದ ವಂಶವೃಕ್ಷವನ್ನು ತೋರಿಸಿ, ಅವರ ಮಕ್ಕಳ ಹೆಸರನ್ನು ಅವರ ಕೈಯಲ್ಲೇ ಬರೆಸಿ. ಆಮೇಲೆ ಎಲ್ಲ ಸಲೀಸು.

ಶಾಲೆಯ ದಾಖಲಾತಿ ಪುಸ್ತಕವನ್ನು ಮರೆಯಬೇಡಿ. ಹಳೆ ಸರ್ಕಾರಿ ಶಾಲೆಗಳಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಅಪ್ಪನ ಹೆಸರು, ಊರು, ಎಷ್ಟನೇ ಕ್ಲಾಸಿಗೆ ಬಿಟ್ಟರು ಎಲ್ಲ ಇರುತ್ತದೆ. ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ನಂಬಬೇಡಿ, ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. ಜನನ ಮರಣ ನೋಂದಣಿಯ ಈಗಿನ ಕಾನೂನು 1969ರದ್ದು. ಅದಕ್ಕಿಂತ ಹಿಂದಿನದು ಸಿಕ್ಕರೆ ಅದೃಷ್ಟ. ಜನಗಣತಿಯಲ್ಲಿ ಹೆಸರು ಹುಡುಕಬಹುದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ, ನಮ್ಮಲ್ಲಿ ಮನೆಮನೆಯ ವಿವರವನ್ನು ಕಾನೂನೇ ಗುಟ್ಟಾಗಿ ಇಡುತ್ತದೆ.

ಕಾಗದ ಎಲ್ಲಿದೆ ಅನ್ನುವುದು ಊರು 1956ಕ್ಕಿಂತ ಮುಂಚೆ ಯಾರ ಕೈಯಲ್ಲಿತ್ತು ಅನ್ನುವುದರ ಮೇಲಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಆಗ ಮುಂಬಯಿ ಸರ್ಕಾರಕ್ಕೆ, ಮಂಗಳೂರು ಮದ್ರಾಸಿಗೆ, ಕಲಬುರಗಿ ಹೈದರಾಬಾದಿಗೆ ಸೇರಿದ್ದವು. ಬಳ್ಳಾರಿಯೂ ಮದ್ರಾಸಿನದೇ, ಮೈಸೂರಿಗೆ ಸೇರಿದ್ದು 1953ರಲ್ಲಿ. ಹಾಗಾಗಿ ಹಳೆ ಕಾಗದ ಮೋಡಿ ಲಿಪಿಯಲ್ಲೋ (ಮರಾಠಿಯ ಹಳೆ ಕೂಡುಬರಹ) ಉರ್ದುವಿನಲ್ಲೋ ಇದ್ದರೆ ಗಾಬರಿಯಾಗಬೇಡಿ, ಓದುವವರು ಸಿಗುತ್ತಾರೆ. ಮೊದಲು ಫೋಟೋ ತೆಗೆದಿಡಿ. ಜಿಲ್ಲೆಯ ಹೆಸರೂ ಬದಲಾಗಿರುತ್ತದೆ. ಗದಗ, ಹಾವೇರಿ, ಉಡುಪಿ, ಕೊಪ್ಪಳ ಎಲ್ಲ 1997ರಲ್ಲಿ ಆದ ಜಿಲ್ಲೆಗಳು. ಮೈಸೂರು ಸಂಸ್ಥಾನದ ನೌಕರಿಯಲ್ಲಿ ಯಾರಾದರೂ ಇದ್ದರೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬಹುದು.

ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕಗಳು ದೊಡ್ಡ ಆಸ್ತಿ. ಮಂಗಳೂರಿನ ಕಥೋಲಿಕರಿಗೆ ಮಾತ್ರ 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ ಕಾಲದಲ್ಲಿ ದಾರಿ ಕಡಿದುಹೋಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಡೆಯವರಾದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅವರ ದಾಖಲೆ, ಫೋಟೋ ಇವೆ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಹುಡುಕಬಹುದು.

ಬರೆದಿಡುವುದು

ಮೊದಲು ಪೆನ್ಸಿಲ್, ದೊಡ್ಡ ಹಾಳೆ. ಕಂಪ್ಯೂಟರ್ ಬೇಕು ಅನಿಸಿದಾಗ ಗ್ರ್ಯಾಂಪ್ಸ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ವಂಶವೃಕ್ಷ ಮಾಡುವ ಫ್ಯಾಮಿಲಿಸರ್ಚ್ ಜಾಲತಾಣವೂ ಉಚಿತ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಒಬ್ಬರೇ ಎರಡು ಜಾಗದಲ್ಲಿ ಬರುತ್ತಾರೆ, ಅಜ್ಜಿಯೇ ಇನ್ನೊಂದು ದಾರಿಯಲ್ಲಿ ಮುತ್ತಜ್ಜಿಯೂ ಆಗಿರುತ್ತಾರೆ. ಅವರನ್ನು ಎರಡು ಸಲ ಸೇರಿಸಬೇಡಿ, ಒಂದೇ ವ್ಯಕ್ತಿಗೆ ಎರಡೂ ಕೊಂಡಿ ಹಾಕಿ. ಬದುಕಿರುವವರ ವಿವರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಪ್ರತಿ ಹೆಸರಿನ ಮುಂದೆ ಯಾರು ಹೇಳಿದ್ದು, ಯಾವತ್ತು, ಯಾವ ಕಾಗದದಲ್ಲಿ ಅಂತ ಬರೆಯಿರಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ.

ಗುಟ್ಟುಗಳು ಹೊರಗೆ ಬಂದೇ ಬರುತ್ತವೆ. ದತ್ತು, ಎರಡನೇ ಮದುವೆ, ಉಡಿಕೆ (ವಿಧವೆಯ ಮರುಮದುವೆ), ಮನೆ ಬಿಟ್ಟು ಹೋದವರು. ಜಮೀನು ಹೆಂಡತಿಯ ಊರಿನಲ್ಲಿದೆ ಯಾಕೆ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು, ಕೊನೆಗೆ ನೋಡಿದರೆ ಮುತ್ತಜ್ಜ ಮನೆಅಳಿಯ. ಮನೆಯಲ್ಲಿ ಯಾರೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ, ಅವಮಾನ ಅಂತ. ಇಂಥದ್ದನ್ನು ಬರೆದಿಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಅಂದ ಹಾಗೆ ನನ್ನ ಚೀಟಿಯಲ್ಲಿ ಈಗ ಮೂರು ಹೆಸರಿದೆ. ಪುಟ್ಟಮ್ಮನ ನಿಜವಾದ ಹೆಸರು ಚೆನ್ನಬಸಮ್ಮ ಅಂತ ಸಿಕ್ಕಿದ್ದು ಅಣ್ಣತಮ್ಮಂದಿರಿಗೆ ಬರೆದುಕೊಟ್ಟ ಬಿಡುಗಡೆ ಪತ್ರದಲ್ಲಿ, ಹೆಬ್ಬೆಟ್ಟಿನ ಪಕ್ಕ. ನಾಲ್ಕನೆಯವರ ತವರೂರು ಮಾತ್ರ ಗೊತ್ತಾಗಿದೆ. ಅಲ್ಲಿ ಜಾತ್ರೆ ಮಾಘದಲ್ಲಂತೆ, ಆಗ ಹೆಳವರೂ ಬರುತ್ತಾರಂತೆ, ರಜೆ ಹಾಕಿದ್ದೇನೆ.